ಸಂಬಳವಿಲ್ಲದ ಸಾಕ್ಷಿಗಳು



ಆಸ್ಟ್ರೇಲಿಯಾ ಎಂದ ಕೂಡಲೇ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಕ್ರಿಕೆಟ್ಟು ಮತ್ತು ಕಾಂಗರೂ. ಆ ದೇಶದ ಪಟ್ಟಣ, ಕಡಲತೀರ, ಹಳ್ಳಿಗಾಡು ಹಿಂದೆ ಹೇಗಿದ್ದವೆಂದು ತಿಳಿಯಲು ಸರಕಾರಿ ಕಡತಗಳಷ್ಟೇ ಸಾಲವು. ಹೊಟ್ಟೆಪಾಡಿಗೆ ಬೇರೆ ಉದ್ಯೋಗ ಮಾಡುತ್ತ, ಬಿಡುವಿನ ವೇಳೆಯಲ್ಲಿ ಕ್ಯಾಮೆರಾ ಹಿಡಿದ ಹವ್ಯಾಸಿಗಳ ಚಿತ್ರಗಳನ್ನೂ ನೋಡಬೇಕು. ಹಣ ಕೊಟ್ಟು ತೆಗೆಸಿದ ಚಿತ್ರದಲ್ಲಿ ಕೊಟ್ಟವನಿಗೆ ಬೇಕಾದದ್ದು ಇರುತ್ತದೆ. ಯಾರೂ ಕೇಳದೆ ಬಿಟ್ಟದ್ದು ಸಿಗುವುದು ಹವ್ಯಾಸಿಯ ಚಿತ್ರದಲ್ಲಿ. ಇದಕ್ಕೆ ನಾಲ್ಕಾರು ಉದಾಹರಣೆಗಳನ್ನು ನಿಮ್ಮ ಮುಂದಿಡುತ್ತೇನೆ.

ಛಾಯಾಗ್ರಹಣ ಆ ನೆಲಕ್ಕೆ ಬಂದದ್ದು 1841ರಲ್ಲಿ. ಹಡಗಿನ ಕಪ್ತಾನನೊಬ್ಬ ಸಿಡ್ನಿಯ ಬ್ರಿಜ್ ಸ್ಟ್ರೀಟಿನ ನೋಟವನ್ನು ಸೆರೆಹಿಡಿದು ತೋರಿಸಿದ. ಆ ಚಿತ್ರ ಉಳಿದು ಬಂದಿಲ್ಲ. ಮುಂದೆ 1851ರಲ್ಲಿ ಚಿನ್ನದ ಸುದ್ದಿ ಹಬ್ಬಿ ಜನ ಸಾಗರೋಪಾದಿಯಲ್ಲಿ ಬಂದಿಳಿದರು. ಸಿಕ್ಕಿದ ಚಿನ್ನವನ್ನು ನಾಣ್ಯ ಮಾಡಲು 1855ರಲ್ಲಿ ಸಿಡ್ನಿಯಲ್ಲಿ ಟಂಕಸಾಲೆ ತೆರೆಯಿತು. ಚಿನ್ನದ ಶುದ್ಧತೆ ಪರೀಕ್ಷಿಸುವ ಕೆಲಸಕ್ಕೆ ಇಂಗ್ಲೆಂಡಿನಿಂದ ಬಂದವನು ವಿಲಿಯಂ ಸ್ಟ್ಯಾನ್ಲಿ ಜೆವನ್ಸ್. 1854ರಲ್ಲಿ ಬಂದಿಳಿದಾಗ ಅವನಿಗೆ ಹತ್ತೊಂಬತ್ತು ವರ್ಷ. ಬ್ಯಾಂಕಿನ ಕೌಂಟರಿನ ಹಿಂದೆ ಆಯುಷ್ಯ ಕಳೆದ ನನ್ನಂಥವನಿಗೆ ಈ ಟಂಕಸಾಲೆಯ ನೌಕರನ ಮೇಲೆ ವಿಶೇಷ ಅಕ್ಕರೆ.

ಆ ಕಾಲದಲ್ಲಿ ಚಿತ್ರ ತೆಗೆಯುವುದು ಸುಲಭದ ಮಾತಾಗಿರಲಿಲ್ಲ. ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ಅಂಟುದ್ರವ ಸವರಿ, ಬೆಳ್ಳಿಯ ಲವಣದಲ್ಲಿ ಅದ್ದಿ, ಹಸಿ ಆರುವ ಮೊದಲೇ ಚಿತ್ರ ತೆಗೆದು ತೊಳೆಯಬೇಕು. ಹೋದಲ್ಲೆಲ್ಲ ಒಂದು ಕತ್ತಲ ಗುಡಾರವೂ ಜೊತೆಗೇ ಹೋಗಬೇಕು. ಇಷ್ಟು ಸರಂಜಾಮಿನೊಡನೆ ಜೆವನ್ಸ್ ಸಿಡ್ನಿಯ ಸುತ್ತಲಿನ ಚಿತ್ರ ತೆಗೆದ. 1859ರಲ್ಲಿ ಬ್ರೇಡ್‌ವುಡ್ ಚಿನ್ನದ ಗಣಿಗಳವರೆಗೂ ಹೋಗಿಬಂದ. 1858ರಲ್ಲಿ ಬೀದಿಬೀದಿ ಸುತ್ತಿ, ಸಿಡ್ನಿಯ ಯಾವ ಭಾಗದಲ್ಲಿ ಎಂಥ ಜನ ಎಂಥ ಮನೆಗಳಲ್ಲಿದ್ದಾರೆಂದು ಬರೆದಿಟ್ಟ. ಊರಿಗೆ ಮರಳಿದ ಮೇಲೆ ದೊಡ್ಡ ಅರ್ಥಶಾಸ್ತ್ರಜ್ಞನೆನಿಸಿದ. ಅವನ ಚಿತ್ರಗಳು ಮ್ಯಾಂಚೆಸ್ಟರಿನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯ ಸೇರಿವೆ.

ಆಮೇಲೆ ಕಾಲ ಬದಲಾಯಿತು. 1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಮ್ಯಾಡಾಕ್ಸ್ ಒಣ ಫಲಕದ ವಿಧಾನ ಪ್ರಕಟಿಸಿದ. 1880ರ ದಶಕದಲ್ಲಿ ಮೆಲ್ಬರ್ನಿನ ಥಾಮಸ್ ಬೇಕರ್ ಇಂಥ ಫಲಕಗಳನ್ನು ಅಲ್ಲಿಯೇ ತಯಾರಿಸತೊಡಗಿದ. 1888ರಲ್ಲಿ ಅಮೆರಿಕದಿಂದ ಕೊಡಕ್ ಕ್ಯಾಮೆರಾ ಬಂತು. 1900ರಲ್ಲಿ ಒಂದು ಡಾಲರಿನ ಬ್ರೌನಿ ಪೆಟ್ಟಿಗೆ ಬಂತು. ಗುಡಾರ ಹೋಯಿತು, ಕ್ಯಾಮೆರಾ ಕಂಕುಳಿಗೆ ಬಂತು.

ಕಡಲತೀರದ ಚಿತ್ರಗಳು ಹೆಚ್ಚಿದ್ದು ಈ ಹೊತ್ತಿನಲ್ಲಿಯೇ. ಸಿಡ್ನಿಯ ತೆರೆದ ಕಡಲಲ್ಲಿ ಹಗಲು ಹೊತ್ತು ಈಜುವುದು ನಿಷಿದ್ಧವಾಗಿದ್ದ ಕಾಲವಿತ್ತೆಂದರೆ ನೀವು ನಂಬುವಿರಾ? 1902ರಲ್ಲಿ ವಿಲಿಯಂ ಗೋಚರ್ ಎಂಬ ಪತ್ರಿಕಾ ಸಂಪಾದಕ ಮ್ಯಾನ್ಲಿಯಲ್ಲಿ ಹಾಡುಹಗಲೇ ನೀರಿಗಿಳಿದ. ಮರುವರ್ಷ ಅಲ್ಲಿನ ಪುರಸಭೆ, ಕತ್ತಿನಿಂದ ಮೊಣಕಾಲಿನವರೆಗೆ ಬಟ್ಟೆಯಿರಬೇಕೆಂಬ ಕರಾರಿನ ಮೇಲೆ ಒಪ್ಪಿತು. ಈ ಬದಲಾವಣೆಯ ಕಾಲವನ್ನು ಕಣ್ಣಿಗೆ ಕಟ್ಟಿಸುವವನು ಸಿಡ್ನಿಯ ವಕೀಲ ಆರ್ಥರ್ ವಿಗ್ರಾಮ್ ಆಲೆನ್. ಮನೆಯ ಮಕ್ಕಳು, ಬುತ್ತಿ ಕಟ್ಟಿಕೊಂಡು ಹೋದ ವಿಹಾರ, ಕಡಲಸ್ನಾನ, ಹೊಸ ಮೋಟಾರು ಎಲ್ಲವೂ ಅವನಿಗೆ ವಿಷಯವೇ. ಹೀಗೆ ತುಂಬಿದ 51 ಆಲ್ಬಮುಗಳು ಇಂದು ನ್ಯೂ ಸೌತ್ ವೇಲ್ಸ್ ರಾಜ್ಯ ಗ್ರಂಥಾಲಯದಲ್ಲಿವೆ.

ಆದರೆ ಹವ್ಯಾಸಿಯ ನಿಜವಾದ ಬೆಲೆ ಗೊತ್ತಾಗುವುದು ಊರು ಮುರಿದಾಗ. ಸಿಡ್ನಿ ಬಂದರಿನ ದೊಡ್ಡ ಸೇತುವೆಯನ್ನು ಎಲ್ಲರೂ ಚಿತ್ರದಲ್ಲಿ ಕಂಡಿದ್ದೇವೆ. 1932ರ ಮಾರ್ಚ್ 19ರಂದು ಅದು ತೆರೆಯುವ ಮೊದಲು, ಉತ್ತರ ದಂಡೆಯೊಂದರಲ್ಲಿಯೇ ನಾನೂರಕ್ಕೂ ಹೆಚ್ಚು ಕಟ್ಟಡಗಳು ನೆಲಸಮವಾದವು. ಬಾಡಿಗೆಗಿದ್ದವರಿಗೆ ಪರಿಹಾರ ಸಿಗಲಿಲ್ಲ. ಅಲ್ಲಿನ ಲ್ಯಾವೆಂಡರ್ ಬೇ ಚರ್ಚಿನ ಪಾದ್ರಿ ಫ್ರ್ಯಾಂಕ್ ಕ್ಯಾಶ್ ಅವರು ಸೇತುವೆ ಏಳುವುದನ್ನೂ ಮನೆಗಳು ಬೀಳುವುದನ್ನೂ ಒಂದೇ ಕ್ಯಾಮೆರಾದಲ್ಲಿ ಹಿಡಿದರು. ಚರ್ಚಿಗೆ ಬರುತ್ತಿದ್ದವರ ಮನೆಗಳೇ ಅವು. 1930ರಲ್ಲಿ ಅವರು ಇದನ್ನು ಪುಸ್ತಕವಾಗಿ ತಂದರು. ಸೇತುವೆಯ ಚಿತ್ರ ತೆಗೆದವರು ನೂರಾರು ಮಂದಿ. ಕೆಡವಿದ ಅಡುಗೆಮನೆಯ ಗೋಡೆಗೂ ಫಿಲ್ಮು ಖರ್ಚು ಮಾಡುವ ಮನಸ್ಸು ಎಷ್ಟು ಜನರಿಗಿದ್ದೀತು?

ಈ ಸಾಕ್ಷ್ಯದಲ್ಲಿಯೂ ಒಂದು ಕೊರತೆಯಿದೆ, ಅದನ್ನು ಮುಚ್ಚಿಡಬಾರದು. ಕ್ಯಾಮೆರಾ ಬಹುಕಾಲ ಬಿಳಿಯರ ಕೈಯಲ್ಲಿತ್ತು. ಆ ನೆಲದ ಮೂಲನಿವಾಸಿಗಳು ಚಿತ್ರದಲ್ಲಿ ಬಂದರೂ ಬೇರೆಯವರು ಕಂಡಂತೆ ಬಂದರು. ಒಳನಾಡಿನ ಬ್ರೆವಾರಿನಾ ಎಂಬ ಪುಟ್ಟ ಊರಿನಲ್ಲಿ 1945ರಲ್ಲಿ ಹುಟ್ಟಿದ ಮರ್ವಿನ್ ಬಿಷಪ್ ಅವರು ತಾಯಿಯ ಕೊಡಕ್ ಕ್ಯಾಮೆರಾದಿಂದ ಈ ವಿದ್ಯೆ ಆರಂಭಿಸಿದರು. 1963ರಲ್ಲಿ ಸಿಡ್ನಿಯ ಪತ್ರಿಕೆಯೊಂದನ್ನು ಸೇರಿ, ಮೂಲನಿವಾಸಿಗಳಲ್ಲಿ ಮೊದಲ ಪತ್ರಿಕಾ ಛಾಯಾಗ್ರಾಹಕರಾದರು. 1975ರಲ್ಲಿ ಪ್ರಧಾನಿ ವಿಟ್ಲಮ್ ಅವರು ಗುರಿಂಜಿ ಜನರ ಹಿರಿಯ ವಿನ್ಸೆಂಟ್ ಲಿಂಗಿಯಾರಿಯವರ ಅಂಗೈಗೆ ಮಣ್ಣು ಸುರಿದು ಭೂಮಿ ಮರಳಿಸಿದರು. ಆ ಪ್ರಸಿದ್ಧ ಚಿತ್ರ ತೆಗೆದವರು ಇದೇ ಬಿಷಪ್. ಮನೆಯಲ್ಲಿದ್ದ ಒಂದು ಸಾದಾ ಕ್ಯಾಮೆರಾ ಎಲ್ಲಿಯವರೆಗೆ ಮುಟ್ಟಿತು ನೋಡಿ.

ಹಳ್ಳಿಗಾಡಿನ ಮನೆಗಳಲ್ಲಿ ಉಳಿದ ಚಿತ್ರಗಳ ಗತಿ ಏನು? ವಿಕ್ಟೋರಿಯಾ ರಾಜ್ಯದ ವಸ್ತುಸಂಗ್ರಹಾಲಯದವರು 1985ರಿಂದ 1991ರವರೆಗೆ ಊರೂರಿಗೆ ಹೋಗಿ, ಜನರ ಆಲ್ಬಮುಗಳಿಂದ ಸಾವಿರಾರು ಚಿತ್ರಗಳನ್ನು ಪ್ರತಿ ಮಾಡಿಕೊಂಡರು. ಮೂಲಚಿತ್ರ ಮನೆಯವರ ಬಳಿಯೇ ಉಳಿಯಿತು. ಊರಿನ ಚರಿತ್ರೆ ಎಲ್ಲರದಾಯಿತು.

ಕೊನೆಗೊಂದು ಮಾತು. ತಾರೀಖು, ಸಹಿ ಇಲ್ಲದ ವೋಚರು ಎಷ್ಟು ದೊಡ್ಡ ಮೊತ್ತದ್ದಾದರೂ ಬ್ಯಾಂಕಿನಲ್ಲಿ ಪಾಸಾಗುವುದಿಲ್ಲ. ಫೋಟೋಗೂ ಅದೇ ನ್ಯಾಯ. ನಿಮ್ಮ ಟ್ರಂಕಿನಲ್ಲಿ ಹಳೆಯ ಫೋಟೋಗಳಿದ್ದರೆ ಹಿಂಬದಿಯಲ್ಲಿ ಹೆಸರು, ಊರು, ವರ್ಷವನ್ನು ಪೆನ್ಸಿಲಿನಿಂದ ಮೆಲ್ಲಗೆ ಬರೆದಿಡಿ. ಗುರುತು ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಈ ಕೆಲಸವಾಗಬೇಕು.