ಮನೆ ಬದಲಾದರೆ ಬಂದೂಕಿನ ಲೈಸೆನ್ಸ್‌ನಲ್ಲೂ ವಿಳಾಸ ಬದಲಿಸಬೇಕೇ?

ಆಧಾರ್‌ನಲ್ಲಿ ವಿಳಾಸ ತಿದ್ದಿಸಿದರೆ ಸಾಕು, ಲೈಸೆನ್ಸ್‌ನದ್ದನ್ನು ನವೀಕರಣದ ಹೊತ್ತಿಗೆ ನೋಡಿಕೊಳ್ಳೋಣ ಎಂಬ ನಂಬಿಕೆ ಬಂದೂಕು ಇಟ್ಟುಕೊಂಡ ಅನೇಕರಲ್ಲಿದೆ. ಇದು ತಪ್ಪು. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ನವೀಕರಣದವರೆಗೆ ಕಾಯುವುದೆಂದರೆ ಅಷ್ಟು ಕಾಲ ಷರತ್ತು ಮುರಿದುಕೊಂಡೇ ಇದ್ದಂತೆ.

ನಮ್ಮಲ್ಲಿ ಬಂದೂಕು ಇಟ್ಟುಕೊಳ್ಳಲು ಒಂದು, ಒಯ್ಯಲು ಇನ್ನೊಂದು ಎಂದು ಎರಡು ಪರವಾನಗಿ ಇಲ್ಲ. ಎರಡಕ್ಕೂ ಒಂದೇ ಲೈಸೆನ್ಸ್, ಅದರಲ್ಲಿ ನಿಮ್ಮ ವಿಳಾಸವೂ ಬಂದೂಕು ಒಯ್ಯಬಹುದಾದ ಪ್ರದೇಶವೂ ಬರೆದಿರುತ್ತದೆ. ಕಾಯಂ ಆಗಿಯೋ, ಸತತ 30 ದಿನಕ್ಕಿಂತ ಹೆಚ್ಚು ಕಾಲಕ್ಕೋ ಬಂದೂಕಿನೊಂದಿಗೆ ಬೇರೆಡೆ ವಾಸಕ್ಕೆ ಹೋದರೆ, 30 ದಿನದೊಳಗೆ ಹೊಸ ಊರಿನ ಲೈಸೆನ್ಸ್ ಪ್ರಾಧಿಕಾರಕ್ಕೂ ಮೊದಲು ಲೈಸೆನ್ಸ್ ಕೊಟ್ಟ ಪ್ರಾಧಿಕಾರಕ್ಕೂ ಲಿಖಿತವಾಗಿ ತಿಳಿಸಬೇಕು. ಕೇಳಿದರೆ ಲೈಸೆನ್ಸ್, ಬಂದೂಕು ಎರಡನ್ನೂ ಹಾಜರುಪಡಿಸಬೇಕು.

ಪ್ರಾಧಿಕಾರ ಯಾವುದು? ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ, ಪೊಲೀಸ್ ಕಮಿಷನರ್ ಇರುವ ನಗರದಲ್ಲಿ ಕಮಿಷನರ್. ಠಾಣೆಗೆ ಒಂದು ಮಾತು ಹೇಳಿ ಬಂದರೆ ಕೆಲಸ ಮುಗಿಯುವುದಿಲ್ಲ.

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್‌ನಲ್ಲಿರುವ ಒಬ್ಬರನ್ನು ಊಹಿಸಿಕೊಳ್ಳಿ. ಅವರು ಮಸ್ಕಿಗೋ ಲಿಂಗಸುಗೂರಿಗೋ ಹೋದರೆ ಪ್ರಾಧಿಕಾರ ಬದಲಾಗದು, ಅದೇ ರಾಯಚೂರು ಡಿ.ಸಿ. ಆದರೂ ಠಾಣೆ ಬೇರೆಯಾಗುವುದರಿಂದ ಹೊಸ ವಿಳಾಸ ದಾಖಲಾಗಲೇಬೇಕು. ಪಕ್ಕದ ಕಾರಟಗಿಗೆ ಹೋದರೆ ಕೊಪ್ಪಳ ಜಿಲ್ಲೆ, ನದಿ ದಾಟಿ ಸಿರುಗುಪ್ಪಕ್ಕೆ ಹೋದರೆ ಬಳ್ಳಾರಿ. ದೂರ ಹೆಚ್ಚಿಲ್ಲ, ಆದರೆ ಡಿ.ಸಿ. ಬೇರೆ. ಹೊಸ ವಿಳಾಸ ನಮೂದಾದ ಮೇಲೆ ನವೀಕರಣವೂ ಅಲ್ಲೇ.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ವಿಷಯವಿದೆ. ಲೈಸೆನ್ಸ್‌ನಲ್ಲಿ 'ರಾಯಚೂರು ಜಿಲ್ಲೆ' ಎಂದಷ್ಟೇ ಇದ್ದರೆ ಬಂದೂಕನ್ನು ಮನೆ ಸಾಮಾನಿನ ಜೊತೆ ಲಾರಿಗೆ ಹಾಕಿ ಕಾರಟಗಿಗೆ ಒಯ್ಯುವಂತಿಲ್ಲ. ಮೊದಲು ಅನುಮತಿ, ಆಮೇಲೆ ಸಾಗಾಟ. ಇಡೀ ರಾಜ್ಯಕ್ಕೆ ಅಥವಾ ದೇಶಕ್ಕೆ ಸಿಂಧುವಾದ ಲೈಸೆನ್ಸ್ ಇದ್ದವರಿಗೆ ಈ ತೊಡಕಿಲ್ಲ. ಹಾಗೆಂದು ವಿಳಾಸ ತಿಳಿಸುವುದರಿಂದ ಅವರಿಗೂ ವಿನಾಯಿತಿ ಇಲ್ಲ. ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸ್ ನಿರ್ದಿಷ್ಟ ಜಮೀನಿನ ಪ್ರದೇಶಕ್ಕೆ ಸೇರಿದ್ದು. ವಿಳಾಸ ತಿದ್ದಿಸಿದ ಮಾತ್ರಕ್ಕೆ ಅದು ಹೊಸ ಊರಿನ ಹೊಲಕ್ಕೆ ಅನ್ವಯಿಸದು.

ಅರ್ಜಿಯನ್ನು ಕೇಂದ್ರ ಗೃಹ ಸಚಿವಾಲಯದ 'ಅಲಿಸ್' ಪೋರ್ಟಲ್‌ನಲ್ಲಿ ಸಲ್ಲಿಸಬಹುದು. ಮೂಲ ಲೈಸೆನ್ಸ್, ಬಂದೂಕಿನ ವಿವರ, ಹೊಸ ವಿಳಾಸದ ದಾಖಲೆ ಕೈಯಲ್ಲಿರಲಿ. ನಿಮ್ಮ ವಿಶಿಷ್ಟ ಗುರುತಿನ ಸಂಖ್ಯೆ, ಅಂದರೆ ಯುಐಎನ್, ಬದಲಾಗುವುದಿಲ್ಲ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗಾಗಿ ಆದ ಈ ಪುನರ್ವಸತಿ ಕ್ಯಾಂಪ್‌ಗಳನ್ನು ಗುರುತಿಸುವುದೇ ನಂಬರಿನಿಂದ. ಕ್ಯಾಂಪ್‌ನೊಳಗೆ ಮನೆ ಮಾಡುವವರು ಬರೀ 'ಆರ್.ಎಚ್. ಕ್ಯಾಂಪ್' ಎಂದು ಬರೆಯದೆ ನಂಬರನ್ನೂ ಬರೆಯಿರಿ. ಪರಿಶೀಲನೆಗೆ ಬರುವ ಪೊಲೀಸರಿಗೆ ಸರಿಯಾದ ಮನೆ ಸಿಗಬೇಕಲ್ಲ. ಮಸ್ಕಿಯವರದು ಇನ್ನೊಂದು ಬಗೆ: ಮನೆ ಅಲ್ಲೇ ಇದೆ, ತಾಲ್ಲೂಕು ಮಾತ್ರ ಬದಲಾಗಿದೆ. ಹಳೆಯ ಲೈಸೆನ್ಸ್‌ನಲ್ಲಿ 'ಲಿಂಗಸುಗೂರು ತಾಲ್ಲೂಕು' ಎಂದಿದ್ದರೆ ಅದು ವಾಸ ಬದಲಾವಣೆ ಅಲ್ಲ, ಆದರೂ ಡಿ.ಸಿ. ಕಚೇರಿಯಲ್ಲಿ ಕೇಳಿ ತಿದ್ದಿಸಿಕೊಳ್ಳುವುದು ಒಳ್ಳೆಯದು.

ತಿಳಿಸದಿದ್ದರೆ ಏನಾಗುತ್ತದೆ? ಲೈಸೆನ್ಸ್ ಷರತ್ತು ಮುರಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 30ನೇ ಕಲಮಿನಡಿ 6 ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. 17ನೇ ಕಲಮಿನಡಿ ಲೈಸೆನ್ಸನ್ನೇ ಅಮಾನತು ಅಥವಾ ರದ್ದು ಮಾಡಬಹುದು. ಚುನಾವಣೆ ಬಂದಾಗ ಬಂದೂಕು ಠಾಣೆಗೆ ಒಪ್ಪಿಸಿ ಎಂಬ ಆದೇಶವೂ ದಾಖಲೆಯಲ್ಲಿರುವ ವಿಳಾಸಕ್ಕೇ ಹೋಗುತ್ತದೆ. ನೀವು ಅಲ್ಲಿಲ್ಲ, ಬಂದೂಕೂ ಇಲ್ಲ ಎಂದಾದರೆ ಪೊಲೀಸರು ಹುಡುಕುವುದು ನಿಮ್ಮನ್ನೇ.