ಹಿಂದೆ ಕಟ್ಟಿದ ಬಟ್ಟೆ

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಹಳೆಯ ಮನೆಗಳಿಗೆ ಹೋದಾಗ, ಗೋಡೆಯ ಕಪ್ಪು-ಬಿಳುಪು ಫೋಟೋಗಳಲ್ಲಿ ನಾನು ಮುಖಕ್ಕಿಂತ ಮೊದಲು ಹಿಂದಿನ ಬಟ್ಟೆ ನೋಡುತ್ತೇನೆ. ಸ್ಟುಡಿಯೊದವರು ಚಿತ್ರ ಬರೆಸಿದ ಪರದೆಯನ್ನು ಕೋಲಿಗೆ ಸುತ್ತಿಡುತ್ತಿದ್ದರು. ಅದರಲ್ಲಿ ಮಡಿಕೆ ಕಡಿಮೆ. ಚೌಕಚೌಕವಾಗಿ ಗೆರೆ ಎದ್ದಿದ್ದರೆ, ಬಹುಮಟ್ಟಿಗೆ ಅದು ಟ್ರಂಕಿನಿಂದ ಆಗಷ್ಟೇ ತೆಗೆದ ಪಂಚೆಯೋ ಹಾಸುಬಟ್ಟೆಯೋ. ಫೋಟೋಗ್ರಾಫರು ಮನೆಗೇ ಬಂದಿದ್ದಾರೆ. ಪಕ್ಕದಿಂದ ಬಿದ್ದ ಅಂಗಳದ ಬಿಸಿಲು ಸುಕ್ಕುಗಳನ್ನೆಲ್ಲ ಎತ್ತಿ ತೋರಿಸಿದೆ.

1948ರಲ್ಲಿ ಆಫ್ರಿಕದ ಬಮಾಕೊದಲ್ಲಿ ಸ್ಟುಡಿಯೊ ತೆರೆದ ಸೇದು ಕೇಯ್ತಾ ತನ್ನ ಹಾಸಿಗೆಯ ಹೊದಿಕೆಯನ್ನೇ ಪರದೆ ಮಾಡಿಕೊಂಡಿದ್ದ. ಯಾವ ಫೋಟೋ ಯಾವಾಗಿನದೆಂದು ಪರದೆ ನೋಡಿ ಹೇಳುತ್ತಿದ್ದ. ನಮ್ಮ ಅಜ್ಜಿಯಂದಿರ ಫೋಟೋಗಳ ಬೆನ್ನಿಗೂ ತಾರೀಖಿಲ್ಲ.

ಈಗ ಸ್ಕ್ಯಾನ್ ಮಾಡುವವರು ಸುಕ್ಕು ಅಳಿಸಿ ನೀಲಿ ತುಂಬುತ್ತಾರೆ. ಬೇಡವೆನ್ನಿ. ಅಂಚಿನಲ್ಲಿ ಬಟ್ಟೆ ಹಿಡಿದು ನಿಂತವರ ಬೆರಳೂ ಇರಬಹುದು.