ಸಕ್ಕರೆ ಅಳೆದು ಕೆಟ್ಟ ಹೆಸರು

ಪ್ರಾಜೆಕ್ಟ್ ಮೇಲೆ ಜರ್ಮನಿಯ ಮೈನ್ಜ್‌ನಲ್ಲಿದ್ದಾಗಿನ ಮಾತು. ಮೇ ತಿಂಗಳ ಒಂದು ಭಾನುವಾರ ಮನೆ ಓನರ್ ಅಜ್ಜ ಊಟಕ್ಕೆ ಕರೆದಿದ್ದರು. ಬರಿಗೈಲಿ ಹೋಗೋದು ಹೇಗೆ ಅಂತ 'ಶ್ಪೇಟ್ಲೇಸೆ' ಅಂತ ಬರೆದಿದ್ದ ಒಂದು ವೈನ್ ಬಾಟಲಿ ತಗೊಂಡು ಹೋದೆ. ಅಜ್ಜ ಲೇಬಲ್ ನೋಡಿ ನಕ್ಕು, "ಇದು ಸಿಹಿ, ಊಟ ಆದಮೇಲೆ ಕುಡಿಯೋಣ" ಅಂತ ಪಕ್ಕಕ್ಕಿಟ್ಟರು. ಊಟಕ್ಕೆ ಅವರು ತೆಗೆದದ್ದು 'ಟ್ರೋಕನ್' ರೀಸ್ಲಿಂಗ್. ಟ್ರೋಕನ್ ಅಂದರೆ ಒಣ, ಅರ್ಥಾತ್ ಸಿಹಿ ಇಲ್ಲದ್ದು. ಲೀಟರಿಗೆ ಹೆಚ್ಚೆಂದರೆ 9 ಗ್ರಾಂ ಸಕ್ಕರೆ.

ತಟ್ಟೆಯಲ್ಲಿ ಬೆಣ್ಣೆ ಸುರಿದ ಬಿಳಿ ಆಸ್ಪರಾಗಸ್, ಬೇಯಿಸಿದ ಆಲೂಗಡ್ಡೆ. ಜೂನ್ 24ಕ್ಕೆ ಈ ಸೀಸನ್ ಮುಗಿಯುತ್ತೆ, ಅಲ್ಲೀತನಕ ಮನೆಮನೆಯಲ್ಲೂ ಇದೇ! ಒಂದು ತುತ್ತು, ಒಂದು ಗುಟುಕು.. ವೈನಿನ ಹುಳಿ ಬೆಣ್ಣೆಯ ಜಿಡ್ಡನ್ನು ನಾಲಿಗೆಯಿಂದ ತೊಳೆದೇಬಿಟ್ಟಿತು. ಟ್ರೌಟ್ ಮೀನಿಗೆ, ಹುರಿದ ಹಂದಿಮಾಂಸಕ್ಕೆ ಇದು ಹೊಂದೋದೂ ಇದೇ ಕಾರಣಕ್ಕಂತೆ.

"ಮತ್ತೆ ಹೊರಗಿನವರೆಲ್ಲ ಜರ್ಮನ್ ವೈನ್ ಅಂದರೆ ಸಿಹಿ ಅಂತಾರಲ್ಲ?" ಅಂದೆ. ಅಜ್ಜನ ನಗು ನಿಂತಿತು. ಅವರಪ್ಪನ ಕಡಿದಾದ ಇಳಿಜಾರಿನ ದ್ರಾಕ್ಷಿ ತೋಟವನ್ನು 1980ರ ದಶಕದಲ್ಲಿ ಮಾರಿದ್ದು ಅದಕ್ಕೇ ಅಂತೆ. ಆ ಮಾತು ಕೊರೆಯುತ್ತಲೇ ಇತ್ತು. ಆಮೇಲೆ ಕೂತು ಓದಿದೆ.

ರೀಸ್ಲಿಂಗ್ ಹೆಸರು 1435ರಲ್ಲೇ ಇಲ್ಲಿಗೆ ಹತ್ತಿರದ ರ್ಯೂಸೆಲ್ಸ್‌ಹೈಮ್‌ನ ಲೆಕ್ಕಪತ್ರದಲ್ಲಿದೆ. 1900ರ ಸುಮಾರಿಗೆ ರೈನ್ ತೀರದ ಉತ್ತಮ ವೈನುಗಳ ಬೆಲೆ ಫ್ರಾನ್ಸಿನ ಬೋರ್ಡೋಗೆ ಸಮ. ಚಳಿ ಸೀಮೆ, ದ್ರಾಕ್ಷಿ ಪೂರ್ತಿ ಮಾಗುವುದೇ ಅಪರೂಪ. ಹಾಗಾಗಿ ಹಣ್ಣಿನ ರಸದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಒಳ್ಳೆ ವರ್ಷ, ಒಳ್ಳೆ ತೋಟ ಅಂತ ಲೆಕ್ಕ. ಆ ಸಕ್ಕರೆ ಹುದುಗಿ ಆಲ್ಕೋಹಾಲ್ ಆದರೆ ವೈನ್ ಸಿಹಿ ಇರಬೇಕಿಲ್ಲ. ನನ್ನ 'ಶ್ಪೇಟ್ಲೇಸೆ'ಯ ಅರ್ಥವೂ 'ತಡವಾದ ಕೊಯ್ಲು' ಅಷ್ಟೇ, ಅದರಲ್ಲೂ ಟ್ರೋಕನ್ ಉಂಟು!

ಎಡವಟ್ಟಾದದ್ದು 1971ರಲ್ಲಿ. ಹೊಸ ಕಾನೂನು ತೋಟ ಎಂಥದು ಅಂತ ಕೇಳಲಿಲ್ಲ, ರಸದ ಸಕ್ಕರೆ ಅಳೆದು ದರ್ಜೆ ಕೊಟ್ಟಿತು. ಸಮತಟ್ಟು ನೆಲದಲ್ಲೂ ಬೇಗ ಮಾಗುವ ಮ್ಯುಲರ್-ಥುರ್ಗಾವ್ ತಳಿ ಆ ದಶಕದಲ್ಲಿ ರೀಸ್ಲಿಂಗನ್ನೇ ಹಿಂದಿಕ್ಕಿತು. ಅದಕ್ಕೆ ಹುದುಗಿಸದ ಸಿಹಿ ರಸ ಬೆರೆಸಿ 'ಲೀಬ್‌ಫ್ರೌಮಿಲ್ಷ್' ಅಂತ ಅಗ್ಗಕ್ಕೆ ರಫ್ತು ಮಾಡಿದರು. ಮೂಲದಲ್ಲಿ ವೋರ್ಮ್ಸ್ ಊರಿನ ಒಂದು ಚರ್ಚಿನ ತೋಟದ ವೈನಿನ ಹೆಸರು ಅದು, ಒಂದು ಕಾಲಕ್ಕೆ ಮರ್ಯಾದೆಯ ಹೆಸರು. 1985ರಲ್ಲಿ ಆಸ್ಟ್ರಿಯಾದ ವೈನಿಗೆ ಡೈಎಥಿಲೀನ್ ಗ್ಲೈಕಾಲ್ ಬೆರೆಸಿದ್ದು ಬಯಲಾಯಿತು, ಕೆಲವು ಜರ್ಮನ್ ಬಾಟಲಿಗಳಲ್ಲೂ ಅದು ಸಿಕ್ಕಿತು. ಇದ್ದಬದ್ದ ಮಾನವೂ ಹೋಯಿತು.

ಕೋಡಿನ ಸಾಲು ಎಣಿಸಿ ಅಪ್ರೈಸಲ್ ಕೊಟ್ಟರೆ ಏನಾಗುತ್ತೆ ಅಂತ ನಮಗೆ ಗೊತ್ತಲ್ಲ.. ಸಾಲು ಬೆಳೆಯುತ್ತೆ, ಪ್ರೋಗ್ರಾಂ ಹಾಳಾಗುತ್ತೆ. ಇದೂ ಅದೇ ಕಥೆ.

ಹಟ ಬಿಡದ ಬೆಳೆಗಾರರೂ ಇದ್ದರು. 2002ರಲ್ಲಿ ಅವರ ಸಂಘ ವಿಡಿಪಿ, ಉತ್ತಮ ತೋಟಗಳ ಒಣ ವೈನಿಗೆ 'ಗ್ರೋಸೆಸ್ ಗೆವೆಕ್ಸ್' ಅಂತ ದರ್ಜೆ ತಂದಿತು. 2021ರಲ್ಲಿ ಸರ್ಕಾರವೂ ಕಾನೂನು ಬದಲಿಸಿ ಊರಿಗೆ, ತೋಟಕ್ಕೆ ಒತ್ತು ಕೊಟ್ಟಿತು. ರೀಸ್ಲಿಂಗ್ ಈಗ ಮತ್ತೆ ಜರ್ಮನಿಯ ಮೊದಲ ತಳಿ.

ಹೆಸರೇನೋ ಮರಳಿ ಬರ್ತಿದೆ. ಅಜ್ಜನ ಇಳಿಜಾರು ಮಾತ್ರ ಮರಳಲಿಲ್ಲ. ಮುಂದಿನ ಸಲ ಅವರ ಮನೆಗೆ ಹೋದಾಗ ಟ್ರೋಕನ್ನೇ ಒಯ್ದೆ. ಪಕ್ಕಕ್ಕಿಡಲಿಲ್ಲ, ಆಗಲೇ ಬಿರಡೆ ತೆಗೆದರು :)